ಕಣ್ಣು ಮುಚ್ಚುವವರ ಕೋವಿ

ಸುಪೀರಿಯರ್ ಸರೋವರದ ದಕ್ಷಿಣ ದಡದ ಕಾಡುಗಳಲ್ಲಿ ಈ ಸಂಗತಿಯನ್ನು ಹೇಳುವವರೆಲ್ಲ ಕಿಟಕಿಯಿಂದಲೇ ಶುರುಮಾಡುತ್ತಾರೆ. ಕಾಂಗಸ್ ಮನೆತನದ ಬೇಟೆಯ ಬಿಡಾರದಲ್ಲಿ, ಒಲೆಯ ಎದುರಿಗೆ, ಪೂರ್ವಕ್ಕೆ ಒಂದು ಕಿಟಕಿ. ನವೆಂಬರ್ ಹದಿನೈದರ ಬೆಳಗು ಜಿಂಕೆಯ ಬೇಟೆ ತೆರೆಯುವುದು ಅಲ್ಲಿನ ಕಟ್ಟಳೆ. ಹಿಂದಿನ ಸಂಜೆ ಬಿಡಾರದಲ್ಲಿ ಕೂಡಿದವರೆಲ್ಲ ತಮ್ಮ ತಮ್ಮ ಕೋವಿಯ ಒಂದೊಂದು ತೋಟಾವನ್ನು ಆ ಕಿಟಕಿಯ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಬೆಳಿಗ್ಗೆ ಕೋವಿಯೊಳಗೆ ಮೊದಲು ಇಳಿಯುವುದು ಅದೇ ತೋಟಾ. ಈ ಪದ್ಧತಿಯನ್ನು ಹಾಕಿಕೊಟ್ಟವನು ಮುದುಕ ವೈನೊ ಕಾಂಗಸ್. ಏಕೆ ಹಾಕಿದ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದರೆ ಸಾಲಾಗಿ ನಿಂತ ತೋಟಾಗಳಲ್ಲಿ ಯಾವುದು ಎತ್ತರ, ಯಾವುದು ಗಿಡ್ಡ ಎಂಬುದು ಕಾಫಿ ಕುಡಿಯುತ್ತ ಕುಳಿತ ಎಲ್ಲರ ಕಣ್ಣಿಗೂ ಬೀಳುತ್ತಿತ್ತು ಎನ್ನುವಲ್ಲಿ ಮಾತ್ರ ಎರಡು ಮಾತಿಲ್ಲ. ವೈನೊನ ತಮ್ಮನ ಮಗ ರಾಲ್ಫ್ ಹುಡುಗನಾಗಿದ್ದಾಗ ಒಮ್ಮೆ ಗಿಡ್ಡ ತೋಟಾ ನಿಲ್ಲಿಸಿ ಅಳಿಲು ಹೊಡೆಯಲಷ್ಟೇ ಸಾಕೆಂಬ ನಗೆಗೆ ಸಿಕ್ಕಿ ಅಳಿಲು ಎನಿಸಿಕೊಂಡಿದ್ದ. ಈಗ ಅವನ ಮೊಮ್ಮಕ್ಕಳೂ ಅವನನ್ನು ಅಳಿಲಜ್ಜ ಎಂದೇ ಕರೆಯುತ್ತಾರೆ.

ಆ ವರ್ಷ ಕಿಟಕಿಗೆ ಹೊಸದೊಂದು ತೋಟಾ ಬರಬೇಕಿತ್ತು. ವೈನೊನ ಕಿರಿಯ ಮಗ ರೂಬೆನ್‌ನ ಒಬ್ಬಳೇ ಮಗಳು ಐಲಿಗೆ ಹನ್ನೆರಡು ತುಂಬಿತ್ತು. ಬೇಟೆಯ ತರಗತಿಯಲ್ಲಿ ಪಾಸಾಗಿದ್ದಳು. ಜಿಂಕೆಗೆ ಕಾದು ಮರಸು ಕೂರುವ ಜಾಗವನ್ನು ಅಪ್ಪನ ಜೊತೆ ಹೋಗಿ ತಾನೇ ಗೊತ್ತುಮಾಡಿ ಬಂದಿದ್ದಳು. ಉಳಿದದ್ದು ಒಂದು ಕೋವಿ, ಅದಕ್ಕೊಂದು ತೋಟಾ.

ಸೆಪ್ಟೆಂಬರಿನ ಒಂದು ಶನಿವಾರ ಇಬ್ಬರೂ ಊರಿನ ಅಂಗಡಿಗೆ ಹೋದರು. ಅಂಗಡಿಯ ಕ್ಲೈಡ್ ಗೋಡೆಯಿಂದ ಒಂದು ಹಳೆಯ ಕೋವಿಯನ್ನು ಇಳಿಸಿ ಐಲಿಯ ಕೈಗೆ ಕೊಟ್ಟ. ಟೂ-ಫಾರ್ಟಿ-ತ್ರೀ ಎಂಬ ಚಿಕ್ಕ ತೋಟಾ ಹಾರಿಸುವ ಕೋವಿ ಅದು. ಭುಜಕ್ಕೆ ಒರಗುವ ಮರದ ಬುಡವನ್ನು ಯಾರೋ ಮಕ್ಕಳ ಅಳತೆಗೆ ಕೊಯ್ದಿದ್ದರು. ಐಲಿ ಅದನ್ನು ಭುಜಕ್ಕೆ ಏರಿಸಿ ಅಂಗಡಿಯ ಆಚೆ ತುದಿಯಲ್ಲಿ ತೂಗುಹಾಕಿದ್ದ ಲಾಟೀನಿಗೆ ಗುರಿ ಹಿಡಿದಳು. ಕೆನ್ನೆ ಮರಕ್ಕೆ ತಾನಾಗಿ ಕೂತಿತು. ಕೋವಿ ಹಿಡಿದ ಮಗುವಿನ ಮುಖದಲ್ಲಿ ಸಾಮಾನ್ಯವಾಗಿ ಕಾಣುವ ಆ ಬಿಗಿ ಅವಳ ಮುಖದಲ್ಲಿರಲಿಲ್ಲ.

"ಭಾರ ಅನ್ಸತ್ತೇನಮ್ಮ?" ಕ್ಲೈಡ್ ಕೇಳಿದ.

"ಇಲ್ಲ. ಇದು ಒದೆಯತ್ತಾ?"

"ಒದೆಯತ್ತೆ, ಬೆಕ್ಕು ಒದ್ದಂಗೆ. ಆದ್ರೆ ಜಿಂಕೆಗೆ ಬೇಕಾದಷ್ಟು ಆಯ್ತು. ಎದೆಗೂಡಿಗೆ ಬಿದ್ರೆ ಚಿಕ್ಕದು ದೊಡ್ಡದು ಅಂತ ಜಿಂಕೆ ಕೇಳಲ್ಲ."

ಐಲಿ ಅಪ್ಪನ ಕಡೆ ನೋಡಿದಳು. ರೂಬೆನ್ ತಲೆಯಾಡಿಸಿದ. "ಇದೇ ಆಗ್ಲಿ. ತೋಟಾ ಎರಡು ಡಬ್ಬಿ ಕೊಡು ಕ್ಲೈಡ್," ಎಂದೂ ಅಂದ. ಅಷ್ಟರಲ್ಲಿ ಬಾಗಿಲ ಗಂಟೆ ಅಲ್ಲಾಡಿತು. ಒಳಗೆ ಬಂದವನು ಆರ್ನಿ, ರೂಬೆನ್‌ನ ಅಕ್ಕ ಲೆಂಪಿಯ ಗಂಡ. ಬಾಯಿ ಮುಚ್ಚಿಕೊಂಡಿರುವುದು ತಿಳಿಯದ ಮನುಷ್ಯ.

"ಏನೋ ಬಾಮೈದ, ಈ ಸಲ ಅಳಿಲು ಬೇಟೆಗೆ ಹೊರಟ್ಯಾ?" ಎಂದ ಆರ್ನಿ, ಚಿಕ್ಕ ತೋಟಾಗಳ ಡಬ್ಬಿಯನ್ನು ಕೈಯಲ್ಲಿ ಎಗರಿಸುತ್ತ. "ರಾಲ್ಫ್‌ಗೆ ಜೊತೆ ಸಿಕ್ತು ಹಾಗಾದ್ರೆ. ಅಳಿಲಜ್ಜ, ಅಳಿಲಮ್ಮ! ನಮ್ಮ ಮಾವನ ಕೋವಿ ನಮ್ಮನೆ ಬೀರೂಲಿ ಧೂಳು ತಿಂತಾ ಕೂತಿದೆ. ಮೊಮ್ಮಗಳು ನೋಡಿದ್ರೆ ಇಲ್ಲಿ ಆಟದ ಸಾಮಾನು ಕೊಳ್ತಿದಾಳೆ."

ಅದು ತಮಾಷೆ. ಆರ್ನಿಯ ಮಾತಿಗೆ ಯಾರೂ ಉತ್ತರ ಕೊಡಬೇಕಾದದ್ದಿರಲಿಲ್ಲ, ಅವನೂ ನಿರೀಕ್ಷಿಸಿರಲಿಲ್ಲ. ಆದರೆ ರೂಬೆನ್‌ನ ಕಿವಿ ಕೆಂಪಾಯಿತು.

"ಛೆ, ಅಪ್ಪನ ಕೋವೀನೇ ಕೊಡೋದು ಅಂತಿದ್ದೆ ಭಾವ. ಇದನ್ನ ಸುಮ್ನೆ ನೋಡ್ತಿದ್ವಿ," ಎಂದು ಅವನು ಮಗಳ ಕೈಯಿಂದ ಕೋವಿಯನ್ನು ತೆಗೆದು ಕ್ಲೈಡ್‌ಗೆ ಹಿಂತಿರುಗಿಸಿದ. ಐಲಿ, ಅಪ್ಪ ಕೇವಲ ಒಂದು ನಿಮಿಷದ ಹಿಂದೆ ಹೇಳಿದ್ದನ್ನು ತಾನು ಕೇಳಿಯೇ ಇಲ್ಲವೇನೋ ಎಂಬಂತೆ ಲಾಟೀನಿನ ಕಡೆ ನೋಡುತ್ತ ನಿಂತಳು.

ವೈನೊನ ಕೋವಿ ಥರ್ಟಿ-ಆಟ್-ಸಿಕ್ಸ್. ಕಡವೆಯಂಥ ಮೂಸನ್ನೂ ಕೆಡವಬಲ್ಲ ತೋಟಾ ಅದರದು. ಬುಡಕ್ಕೆ ರಬ್ಬರ್ ಇಲ್ಲ, ಉಕ್ಕಿನ ಪಟ್ಟಿ. ಕ್ಲೈಡ್ ಒಂದೇ ಒಂದು ಸಲ, ದನಿ ತಗ್ಗಿಸಿ, "ಅದಕ್ಕೇ ಮದ್ದು ಕಮ್ಮಿ ತುಂಬಿರೋ ತೋಟಾನೂ ಬರತ್ತೆ ರೂಬೆನ್, ಮಕ್ಕಳಿಗೆ ಅಂತಲೇ," ಎಂದ. ಆರ್ನಿ ಪಕ್ಕದಲ್ಲೇ ಕೈಗವಸು ನೋಡುತ್ತಿದ್ದ. ರೂಬೆನ್ ಎಲ್ಲಕ್ಕಿಂತ ಭಾರದ ಗುಂಡಿನ ಡಬ್ಬಿಯತ್ತ ಬೆರಳು ತೋರಿಸಿದ.

ಹೀಗೆ ತೋಟಾ ಆರಿಸಿದ್ದಾಯಿತು.

ತಾನೇನು ಮಾಡುತ್ತಿದ್ದೇನೆಂಬುದು ರೂಬೆನ್‌ಗೆ ತಿಳಿಯದೆ ಇರಲಿಲ್ಲ. ಆ ಕೋವಿಯನ್ನು ಅವನಷ್ಟು ಬಲ್ಲವರು ಮನೆತನದಲ್ಲಿ ಬೇರೆ ಇರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅವನಪ್ಪ ಅವನ ಭುಜಕ್ಕೆ ಒತ್ತಿದ್ದು ಅದನ್ನೇ. ಮೊದಲ ಈಡಿಗೆ ಅವನು ಹಿಂದಕ್ಕೆ ಬಿದ್ದಿದ್ದ, ಎರಡನೆಯದಕ್ಕೆ ಅತ್ತಿದ್ದ, ಮೂರನೆಯದಕ್ಕೆ ಕಣ್ಣು ಮುಚ್ಚುವುದನ್ನು ಕಲಿತಿದ್ದ. ಈಡು ಹಾರುವ ಮೊದಲೇ ಮೈ ಒದೆತವನ್ನು ಎದುರುನೋಡಿ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ನೂಕುತ್ತದೆ, ನಳಿಗೆಯ ತುದಿ ಕೆಳಗೆ ಬಾಗುತ್ತದೆ. ಬೇಟೆಗಾರರು ಇದನ್ನು ಬೆಚ್ಚು ಎನ್ನುತ್ತಾರೆ. ಒಮ್ಮೆ ಮೈಗೆ ಹತ್ತಿದರೆ ತಾನಾಗಿ ಬಿಡುವುದಿಲ್ಲ. ರೂಬೆನ್‌ಗೆ ನಲವತ್ತು ದಾಟಿದರೂ ಬಿಟ್ಟಿರಲಿಲ್ಲ. ಅವನದೇ ಬೇರೆ ಕೋವಿಯಿತ್ತು, ತೋಟಾ ಮಾತ್ರ ಅದೇ. ಕಿಟಕಿಯ ಹಲಗೆಯ ಮೇಲೆ ಅದಕ್ಕಿಂತ ಗಿಡ್ಡದನ್ನು ನಿಲ್ಲಿಸುವ ಧೈರ್ಯ ಅವನಿಗೆ ಬಂದಿರಲಿಲ್ಲ. ಯಾರೂ ಇಲ್ಲದಾಗ ಮರಳುಗುಂಡಿಗೆ ಹೋಗಿ, ಅಂಗಿಯೊಳಗೆ ಟವೆಲು ಮಡಿಸಿಟ್ಟುಕೊಂಡು ಗುರಿ ನೋಡಿಕೊಳ್ಳುತ್ತಿದ್ದ. ಗುಂಡು ಕೆಳಕ್ಕೆ ಬೀಳುತ್ತಿತ್ತು. ಅವನು ತನ್ನನ್ನು ತಿದ್ದಿಕೊಳ್ಳುವ ಬದಲು ಕೋವಿಯ ಮೇಲಿನ ದುರ್ಬೀನಿನ ತಿರುಪನ್ನು ತಿರುಗಿಸುತ್ತಿದ್ದ. ಟಿಕ್, ಟಿಕ್, ಟಿಕ್. ತಾನೆಷ್ಟು ಬೆಚ್ಚುತ್ತಾನೋ ಅಷ್ಟು ಕೋವಿ ಮೇಲಕ್ಕೆ ಹೊಡೆಯುವಂತೆ ಮಾಡಿಕೊಂಡರೆ ಗುಂಡು ಹೇಗೋ ನಡುವಿಗೆ ಬಂದು ಬೀಳುತ್ತಿತ್ತು. ಒಬ್ಬರ ಕೋವಿಯನ್ನು ಇನ್ನೊಬ್ಬರು ಮುಟ್ಟದ ಆ ಬಿಡಾರದಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ.

ಅಕ್ಟೋಬರಿನಲ್ಲಿ ಐಲಿಯನ್ನು ಅದೇ ಮರಳುಗುಂಡಿಗೆ ಕರೆದೊಯ್ದ. ಮೊದಲ ಈಡು ಹಾರಿದಾಗ ಹುಡುಗಿ ಬೀಳಲಿಲ್ಲ, ಅಳಲೂ ಇಲ್ಲ. ತುಟಿ ಕಚ್ಚಿಕೊಂಡು ಅಪ್ಪನ ಕಡೆ ತಿರುಗಿ, "ಇನ್ನೂ ಎಷ್ಟು ಹೊಡೀಬೇಕು?" ಎಂದಳು.

"ಅಭ್ಯಾಸ ಆಗತ್ತೆ," ಎಂದ ರೂಬೆನ್. ಆಡಿದ ಮೇಲೆ ಆ ಮಾತು ತನ್ನಪ್ಪನ ದನಿಯಲ್ಲೇ ಬಂದದ್ದು ಅವನಿಗೇ ಕೇಳಿಸಿತು.

ಆ ರಾತ್ರಿ ಅವಳ ಭುಜದ ಮೇಲೆ ಎದ್ದ ನೇರಳೆ ಬಣ್ಣದ ಕಲೆಯನ್ನು ತಾಯಿ ಮಾರ್ಲೀನ್ ನೋಡಿದಳು. "ಏನ್ರೀ ಇದು?" ಎಂದಳು. ಐಲಿಯೇ ಉತ್ತರ ಕೊಟ್ಟಳು: "ಏನಿಲ್ಲಮ್ಮ, ಎಲ್ಲರಿಗೂ ಮೊದಮೊದಲು ಹೀಗೇ ಆಗತ್ತಂತೆ." ರೂಬೆನ್ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮುಂದಿನ ವಾರಗಳಲ್ಲಿ ಕಾಗದದ ಮೇಲಿನ ತೂತುಗಳು ಕೆಳಕೆಳಕ್ಕೆ ಇಳಿದವು. ಕೊನೆಗೆ ಕಾಗದ ಬಿಟ್ಟು ಅದರ ಬುಡದ ಮರಳಿನಲ್ಲಿ ದೂಳೇಳತೊಡಗಿತು. ಐಲಿ ಕೋವಿಯ ಕುದುರೆಗೆ ಬೆರಳಿಟ್ಟು ಬಹಳ ಹೊತ್ತು ಕಾಯುತ್ತಿದ್ದಳು. ಹೊಡೆಯುವ ಕ್ಷಣಕ್ಕೆ ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಪಕ್ಕದಲ್ಲಿ ಮಂಡಿಯೂರಿ ಕುಳಿತ ರೂಬೆನ್‌ಗೆ ತನ್ನ ಎಳೆಯ ಮುಖವನ್ನೇ ನೋಡಿದ ಹಾಗಾಗುತ್ತಿತ್ತು. ಆಗಲೂ ತಡವಾಗಿರಲಿಲ್ಲ. ಅಂಗಡಿಯ ಗೋಡೆಯ ಮೇಲೆ ಆ ಚಿಕ್ಕ ಕೋವಿ ಇನ್ನೂ ಇತ್ತು. ದಾರಿಯಲ್ಲಿ ಹೋಗುವಾಗ ಅವನು ನೋಡಿದ್ದ. ಆದರೆ ಅದನ್ನು ಕೊಂಡರೆ ಆರ್ನಿಯ ಎದುರು ಆಡಿದ್ದನ್ನು ನುಂಗಬೇಕು. ಏಕೆ ಬದಲಾಯಿಸಿದೆ ಎಂದು ಅಕ್ಕ ಕೇಳಿದರೆ ಬಾಯಿಬಿಡಬೇಕು. ರೂಬೆನ್ ಜೇಬಿನಿಂದ ಒಂದು ನಾಣ್ಯ ತೆಗೆದು ಮಗಳ ಕೋವಿಯ ದುರ್ಬೀನಿನ ತಿರುಪಿಗೆ ಇಟ್ಟು ತಿರುಗಿಸಿದ. ಟಿಕ್, ಟಿಕ್, ಟಿಕ್.

"ಏನ್ ಮಾಡ್ತಿದೀಯಪ್ಪಾ?"

"ನಿನಗೆ ಸರಿಹೋಗೋ ಹಾಗೆ ಮಾಡ್ತಿದೀನಿ. ಇನ್ನು ನಿನ್ನ ಪಾಡಿಗೆ ನೀನು ಹೊಡಿ."

"ಕಣ್ಣು ಮುಚ್ಚಿದ್ರೂ ಬೀಳತ್ತಾ?"

ರೂಬೆನ್ ನಾಣ್ಯವನ್ನು ಜೇಬಿಗೆ ಹಾಕಿಕೊಂಡ. "ಬೀಳತ್ತೆ," ಎಂದ.

ಬೆಚ್ಚು ಎಲ್ಲ ಸಲವೂ ಒಂದೇ ಅಳತೆಯದಲ್ಲವಲ್ಲ, ಅದನ್ನು ತಿರುಪಿನಿಂದ ಸರಿಮಾಡಲು ಹೇಗಾದೀತು ಎಂದು ಈ ಕಥೆ ಕೇಳಿದ ಬೇಟೆಗಾರರು ತಕರಾರು ತೆಗೆಯುವುದುಂಟು. ಅವರ ಮಾತು ಸರಿ. ಹತ್ತು ಕಾಗದ ಹಾಳಾದ ಮೇಲೆ ಒಂದರಲ್ಲಿ ಮೂರು ತೂತುಗಳು ಕಪ್ಪು ಬಿಂದುವಿನ ಸುತ್ತ ಬಿದ್ದವು. ರೂಬೆನ್ ಉಳಿದವನ್ನು ಮನೆಯ ಒಲೆಗೆ ಹಾಕಿ, ಅದೊಂದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ.

ನವೆಂಬರ್ ಹದಿನಾಲ್ಕರ ಮಧ್ಯಾಹ್ನ ಎಲ್ಲರೂ ಬಿಡಾರದಲ್ಲಿ ಕೂಡಿದರು. ರೂಬೆನ್, ಐಲಿ, ಆರ್ನಿ, ಅಳಿಲಜ್ಜ ರಾಲ್ಫ್, ಮತ್ತೆ ಲೆಂಪಿ. ಲೆಂಪಿ ಶಾಲೆಯ ಬಸ್ಸು ಓಡಿಸುವವಳು. ಅವಳು ಹಿಂತಿರುಗಿ ನೋಡಿದರೆ ಬಸ್ಸಿನ ಕೊನೆಯ ಸೀಟಿನವರೆಗೂ ಸದ್ದಡಗುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಬಿಡಾರದಲ್ಲಿ ಅವಳಷ್ಟು ನಿಚ್ಚಳವಾಗಿ ಹೊಡೆಯುವವರು ಇರಲಿಲ್ಲ. ವೈನೊ ಹೋದ ಮೇಲೆ ಅವನ ಕೋವಿಯನ್ನು ಎಣ್ಣೆ ಹಚ್ಚಿ, ಗುರಿ ಸರಿಯಿಟ್ಟು ಕಾಪಾಡಿದ್ದವಳು ಅವಳೇ.

ರೂಬೆನ್ ಜೇಬಿನ ಕಾಗದವನ್ನು ತೆಗೆದು ಮೇಜಿನ ಮೇಲೆ ಬಿಡಿಸಿದ. ಅದು ಕೈಯಿಂದ ಕೈಗೆ ಹೋಯಿತು.

"ನೋಡ್ದಾ ರಾಲ್ಫಣ್ಣ," ಎಂದ ಆರ್ನಿ. "ಹನ್ನೆರಡು ವರ್ಷದ ಹುಡುಗಿ, ಆಟ್-ಸಿಕ್ಸ್‌ನಲ್ಲಿ! ನೀನು ಅವಳ ಕಾಲಿಗೆ ಬೀಳ್ಬೇಕು."

"ಬೀಳ್ತೀನಪ್ಪ, ಆದ್ರೆ ಏಳ್ಸೋಕೆ ನೀನೇ ಬರ್ಬೇಕು," ಎಂದ ರಾಲ್ಫ್.

ಲೆಂಪಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮನ ಮಗಳ ಬೆನ್ನು ತಟ್ಟಿದಳು. "ಭೇಷ್ ಕಣೇ. ಎಲ್ಲಿ, ನಮ್ಮಪ್ಪನ ಕೋವಿ ಕೊಡು. ಒಂದು ಈಡು ಹೊಡೆದು ಬರ್ತೀನಿ. ಅದರ ಜೊತೆ ಮಾತಾಡಿ ಬಹಳ ದಿನ ಆಯ್ತು."

ರೂಬೆನ್ ಎದ್ದೇ ಬಿಟ್ಟ. "ಈಗ್ಯಾಕಕ್ಕ? ಕತ್ತಲಾಗತ್ತೆ. ಜಿಂಕೆಗಳು ಬೆದರತ್ವೆ."

"ಮೂರು ಗಂಟೆಗೆ ಎಂಥ ಕತ್ತಲೋ?" ಎಂದು ಲೆಂಪಿ ಕೋವಿಯನ್ನು ಕೈಗೆತ್ತಿಕೊಂಡು ಹೊರಟೇಬಿಟ್ಟಳು. ಎಲ್ಲರೂ ಹಿಂದೆ ಹೋದರು.

ಬಿಡಾರದ ಹಿಂದೆ ಮಣ್ಣಿನ ದಿಬ್ಬಕ್ಕೆ ಒರಗಿಸಿದ ಹಲಗೆ. ಅದಕ್ಕೆ ಹೊಸ ಕಾಗದ ಅಂಟಿಸಿದ್ದಾಯಿತು. ಲೆಂಪಿ ಸೌದೆಯ ರಾಶಿಯ ಮೇಲೆ ಮೊಣಕೈಯೂರಿ ಉಸಿರು ಬಿಟ್ಟು ಹೊಡೆದಳು. ಕಾಗದ ಅಲುಗಲಿಲ್ಲ. ಹಲಗೆಯ ಮೇಲಿನ ದಿಬ್ಬದಿಂದ ಮಣ್ಣು ಚಿಮ್ಮಿತು.

"ಕನ್ನಡಕ ಮಾಡಿಸ್ಕೊಡ್ಲೇನೇ?" ಎಂದ ಆರ್ನಿ.

ಲೆಂಪಿ ಇನ್ನೊಂದು ಹೊಡೆದಳು. ಮಣ್ಣು ಅದೇ ಜಾಗದಲ್ಲಿ ಚಿಮ್ಮಿತು. "ಮೇಲಕ್ಕೆ ಹೊಡೀತಿದೆ. ನಾನು ಕೊಟ್ಟಾಗ ಸರಿಯಾಗಿತ್ತು. ಯಾರು ದುರ್ಬೀನು ತಿರುಗ್ಸಿದ್ದು?"

"ಸರಿಯಾಗೇ ಇದೆ ಅಕ್ಕ," ಎಂದ ರೂಬೆನ್. "ಐಲಿ ಹೊಡೆದ ಕಾಗದ ಕಣ್ಣಾರೆ ನೋಡ್ದೆಯಲ್ಲ. ಕೊಡು ಇಲ್ಲಿ, ತೋರಿಸ್ತೀನಿ."

ಕೋವಿಯನ್ನು ಈಸಿಕೊಂಡು ಅವನು ಅದೇ ಜಾಗದಲ್ಲಿ ಮೊಣಕೈಯೂರಿ ಹೊಡೆದ. ಕಪ್ಪು ಬಿಂದುವಿನ ಅಂಚಿಗೆ ತಾಗಿದಂತೆ ತೂತು ಬಿತ್ತು.

ಆರ್ನಿ ಚಪ್ಪಾಳೆ ತಟ್ಟಿದ. "ಏನೇ ಲೆಂಪಿ, ನಿನ್ನ ಕಾಲ ಮುಗೀತು! ತಮ್ಮ ಹೊಡೆದ ನೋಡು!"

ಎಲ್ಲರೂ ನಕ್ಕರು. ರೂಬೆನ್‌ಗೂ ಕ್ಷಣಕಾಲ ಗೆದ್ದಂತೆ ಅನಿಸಿ ನಗು ಬಂತು. ನಗದೆ ಉಳಿದವಳು ಲೆಂಪಿ. ಅವಳು ತಮ್ಮನ ಮುಖವನ್ನೂ ಕಾಗದದ ತೂತನ್ನೂ ಒಂದಾದ ಮೇಲೊಂದು ನೋಡಿದಳು. ಕೋವಿಯನ್ನು ತೆಗೆದುಕೊಂಡು, ಎಲ್ಲರಿಗೂ ಬೆನ್ನು ಮಾಡಿ, ಅದರ ತೋಟಾ ತುಂಬುವ ಬಾಯಿ ತೆರೆದು ಮುಚ್ಚಿ, ಹಿಂದಕ್ಕೆ ಕೊಟ್ಟಳು. "ಇನ್ನೊಂದು ಹೊಡಿ. ಎರಡು ಬಿದ್ರೆ ನಂಬ್ತೀನಿ."

ರೂಬೆನ್ ಗುರಿ ಹಿಡಿದು ಕುದುರೆ ಎಳೆದ.

ಟಕ್ ಎಂದಷ್ಟೇ ಸದ್ದಾಯಿತು. ಈಡು ಹಾರಲಿಲ್ಲ. ಆದರೆ ಅವನ ಭುಜ ಮುಂದಕ್ಕೆ ಹಾರಿತು. ನಳಿಗೆ ನೀರಿಗೆ ಮೂತಿಯಿಟ್ಟ ಹಸುವಿನ ತಲೆಯ ಹಾಗೆ ಕೆಳಗೆ ಹೋಯಿತು. ಎರಡು ಕಣ್ಣೂ ಗಟ್ಟಿಯಾಗಿ ಮುಚ್ಚಿ, ಹಲ್ಲು ಕಿರಿದ ಮುಖ ಎಲ್ಲರ ಎದುರು ಹಾಗೇ ನಿಂತುಬಿಟ್ಟಿತು. ಸಾಮಾನ್ಯವಾಗಿ ಈಡಿನ ಸದ್ದು ಹೊಗೆಗಳಲ್ಲಿ ಈ ಮುಖ ಯಾರಿಗೂ ಕಾಣುವುದಿಲ್ಲ. ಆ ದಿನ ಅದನ್ನು ಮುಚ್ಚಲು ಏನೂ ಇರಲಿಲ್ಲ.

ಅವನು ಕಣ್ಣು ತೆರೆದಾಗ ಯಾರೂ ನಗುತ್ತಿರಲಿಲ್ಲ. ಆರ್ನಿ ಕೂಡ ಹಿಮದ ಕಡೆ ನೋಡುತ್ತಿದ್ದ. ಆರ್ನಿಯ ನಗುವಿಗೆ ಹೆದರಿಯೇ ಇಷ್ಟೆಲ್ಲ ಮಾಡಿಕೊಂಡ ರೂಬೆನ್‌ಗೆ, ಅವನು ಈಗ ನಗಬಾರದೇ ಎನಿಸಿತು.

"ತೋಟಾ ಸತ್ತಿದೆ," ಎಂದ ರೂಬೆನ್.

"ಸತ್ತಿಲ್ಲ, ಹೊಡೆದಾದ ಖಾಲಿ ತೋಟಾ. ನಾನೇ ಹಾಕಿದ್ದು," ಎಂದಳು ಲೆಂಪಿ. "ಎಷ್ಟು ವರ್ಷದಿಂದ ಹೀಗೆ?"

"ಕೈ ತಣ್ಣಗಾಗಿದೆ ಅಕ್ಕ, ಅಷ್ಟೇ."

ಆಗ ಐಲಿ ಮುಂದೆ ಬಂದು ಅಪ್ಪನ ಪಕ್ಕ ನಿಂತಳು. "ಅತ್ತೆ, ಅಪ್ಪನ್ನ ಬೈಬೇಡಿ. ದುರ್ಬೀನು ತಿರುಗ್ಸಿದ್ದು ನನಗೋಸ್ಕರ. ನಾನು ಹೊಡೆಯುವಾಗ ಕಣ್ಣು ಮುಚ್ಚಿಬಿಡ್ತೀನಿ. ಅಪ್ಪಂಗೆ ಗೊತ್ತು. ಅದಕ್ಕೇ ಸರಿಮಾಡಿಕೊಟ್ರು. ಈಗ ಕಣ್ಣು ಮುಚ್ಚಿದ್ರೂ ಪರವಾಗಿಲ್ಲ."

ಅವಳು ಅದನ್ನು ಉಪಕಾರವೆಂದು ನಂಬಿ ಹೇಳಿದಳು. ಅಪ್ಪನನ್ನು ಕಾಪಾಡಲು ಹೇಳಿದಳು. ಅಕ್ಕ ಕೆನ್ನೆಗೆ ಬಾರಿಸಿದ್ದರೂ ರೂಬೆನ್‌ಗೆ ಅಷ್ಟು ಉರಿಯುತ್ತಿರಲಿಲ್ಲ.

ಲೆಂಪಿ ಉಳಿದವರನ್ನು ಒಳಗೆ ಕಳಿಸಿ, ತಮ್ಮನನ್ನು ಸೌದೆರಾಶಿಯ ಹತ್ತಿರ ನಿಲ್ಲಿಸಿಕೊಂಡಳು. "ನಾಳೆ ಅವಳು ಹೊಡೆಯೋ ಹಾಗಿಲ್ಲ."

"ಕ್ಲೈಡ್ ಅಂಗಡೀಲಿ ಚಿಕ್ಕ ಕೋವಿ ಇನ್ನೂ ಇದೆ ಅಕ್ಕ. ಈಗ್ಲೇ ಹೋಗಿ ತಂದ್ರೆ..."

"ಬೆಚ್ಚು ಈಗ ಕೋವೀಲಿಲ್ಲ ಕಣೋ, ಅವಳ ಭುಜದಲ್ಲಿದೆ. ನಾಳೆ ಯಾವ ಕೋವಿ ಕೊಟ್ರೂ ಕಣ್ಣು ಮುಚ್ಚೇ ಮುಚ್ತಾಳೆ. ಕಾಗದ ಆದ್ರೆ ತೂತು ಬೀಳತ್ತೆ. ಜಿಂಕೆ ಆದ್ರೆ ಮುಂಗಾಲು ಮುರ್ಕೊಂಡು ಜೌಗಿಗೆ ಹೋಗಿ ಬೀಳತ್ತೆ. ಅದನ್ನ ಹುಡುಕ್ತಾ ಹುಡುಗಿ ಅಳ್ತಾ ಓಡಾಡ್ಬೇಕಾ? ಚಳಿಗಾಲ ಪೂರ್ತಿ ಒದೆಯದ ಇಪ್ಪತ್ತೆರಡರ ಪುಟ್ಟ ಕೋವೀಲಿ ಖಾಲಿ ಡಬ್ಬ ಹೊಡಿಸು. ಆಮೇಲೆ ಚಿಕ್ಕ ತೋಟಾ. ಬರೋ ವರ್ಷ ನೋಡೋಣ."

"ಕುಣೀತಾ ಬಂದಿದಾಳೆ ಅಕ್ಕ."

"ಅದೂ ಗೊತ್ತು. ಅವಳಿಗೆ ನೀನೇ ಹೇಳು. ನಾನು ಹೇಳಲ್ಲ."

ಸಂಜೆ ಕಿಟಕಿಯ ಹಲಗೆಯ ಮೇಲೆ ತೋಟಾಗಳು ನಿಂತವು. ಐಲಿ ತನ್ನದನ್ನು ಕೊನೆಗೆ ನಿಲ್ಲಿಸಿದಳು. ಅದು ಅಳಿಲಜ್ಜನದಕ್ಕಿಂತ ಎತ್ತರವಿತ್ತು, ಉಳಿದವರದಕ್ಕೆ ಸಮನಾಗಿತ್ತು. ಎತ್ತರ ಗಿಡ್ಡಗಳ ಮಾತನ್ನು ಯಾರೂ ಎತ್ತಲಿಲ್ಲ. "ಚೆನ್ನಾಗಿದೆಯಮ್ಮ," ಎಂದು ಆರ್ನಿ ಗಂಟಲು ಸರಿಮಾಡಿಕೊಂಡ. ಸೌನಾ ಎಂಬ ಉಗಿಕೋಣೆಯ ಬಿಸಿಯಲ್ಲಿ ಗಂಡಸರು ಮೂವರೂ ಬೆತ್ತಲೆ ಕುಳಿತಾಗ ಆರ್ನಿ ರಸ್ತೆಯ ಗುಂಡಿಗಳ ಬಗ್ಗೆ, ಪೆಟ್ರೋಲಿನ ಬಗ್ಗೆ, ತನ್ನ ಮಂಡಿನೋವಿನ ಬಗ್ಗೆ ಮಾತಾಡಿದ. ಅಷ್ಟು ಹುಷಾರಾಗಿ ಅವನು ಮಾತಾಡಿದ್ದನ್ನು ರೂಬೆನ್ ಎಂದೂ ಕೇಳಿರಲಿಲ್ಲ. ರೂಬೆನ್ ಕಾದ ಕಲ್ಲುಗಳ ಮೇಲೆ ನೀರು ಸುರಿಯುತ್ತಲೇ ಹೋದ, ಮುಖ ಕೆಂಪಗಿರುವುದಕ್ಕೆ ಬಿಸಿಯಾದರೂ ಕಾರಣವಾಗಲಿ ಎಂಬಂತೆ. ಮಗಳಿಗೆ ಮಾತ್ರ ಏನೂ ಹೇಳಲಿಲ್ಲ. ಊಟವಾದ ಮೇಲೆ ಹೇಳೋಣ ಅಂದುಕೊಂಡ. ಊಟವಾದ ಮೇಲೆ ಅವಳಿಗೆ ನಿದ್ದೆ ಬಂದಿತ್ತು.

ಬೆಳಕು ಹರಿಯುವ ಮೊದಲು ಎದ್ದು ನೋಡಿದರೆ ಐಲಿ ಆಗಲೇ ಕಿತ್ತಳೆ ಬಣ್ಣದ ಜಾಕೀಟು, ಟೋಪಿ ಹಾಕಿಕೊಂಡು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದಳು. ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ, ಮಾಂಸ ತುಂಬಿದ ಪ್ಯಾಸ್ಟಿ ಕಡುಬೂ ಇತ್ತು. ಬೂಟಿನ ದಾರವನ್ನು ಎರಡೆರಡು ಗಂಟು ಹಾಕಿದ್ದಳು. ಉಳಿದವರು ಕಾಫಿ ಕುಡಿದು, ಹಲಗೆಯ ಮೇಲಿನ ತಮ್ಮ ತಮ್ಮ ತೋಟಾ ತೆಗೆದುಕೊಂಡು ಒಬ್ಬೊಬ್ಬರಾಗಿ ಹೊರಟರು. ಹೋಗುವಾಗ ಲೆಂಪಿ ತಮ್ಮನ ಕಡೆ ಬಸ್ಸಿನ ಕನ್ನಡಿಯಲ್ಲಿ ನೋಡುವಂತೆ ಒಮ್ಮೆ ನೋಡಿದಳು. ಬಾಗಿಲು ಮುಚ್ಚಿತು.

"ಏಳಪ್ಪ, ಹೊತ್ತಾಯ್ತು."

"ಹಿಮ ಜಾಸ್ತಿ ಬಿದ್ದಿದೆ," ಎಂದ ರೂಬೆನ್.

"ಹಿಮ ಇದ್ರೆ ಹೆಜ್ಜೆ ಕಾಣತ್ತೆ, ಒಳ್ಳೇದು ಅಂತ ನೀನೇ ಹೇಳಿದ್ದೆ."

"ಚಳಿನೂ ಇದೆ. ನಿನ್ನೆ ನೀನು ಸೀನ್ತಿದ್ದೆ."

"ಒಂದೇ ಒಂದು ಸಲ ಸೀನಿದ್ದು!" ಐಲಿ ಎದ್ದು ನಿಂತಳು. ಅಪ್ಪನ ಕಾಲಲ್ಲಿ ಇನ್ನೂ ಬೂಟಿಲ್ಲದ್ದನ್ನು ನೋಡಿದಳು. "ನಾವು ಹೋಗಲ್ವಾ?"

ರೂಬೆನ್ ಇಲ್ಲವೆಂದು ತಲೆಯಲ್ಲಾಡಿಸಿದ.

"ನಾನೇನು ತಪ್ಪು ಮಾಡ್ದೆ?"

ಅವನು ಮೇಜಿನ ಅಂಚು ಹಿಡಿದುಕೊಂಡ. "ನೀನಲ್ಲ. ನಿನಗೆ ಕಣ್ಣು ಮುಚ್ಚೋದನ್ನ ಕಲಿಸಿದ್ದು ನಾನು. ಆ ತೋಟಾ ನಿನ್ನ ಮೈಗೆ ಆಗಲ್ಲ. ನನ್ನ ಮೈಗೂ ಆಗ್ಲಿಲ್ಲ, ಯಾವತ್ತೂ. ಗೊತ್ತಿದ್ದೂ ಕೊಟ್ಟೆ."

ಐಲಿ ಕಿಟಕಿಯ ಹಲಗೆಯ ಮೇಲೆ ಉಳಿದಿದ್ದ ತನ್ನ ತೋಟಾದ ಕಡೆ ನೋಡಿದಳು. "ಅಂಗಡೀಲಿದ್ದ ಆ ಕೋವಿ ನನಗೆ ಇಷ್ಟ ಆಗಿತ್ತು."

"ಗೊತ್ತು."

"ಕೊಡ್ಸ್ತೀನಿ ಅಂದಿದ್ದೆ. ಮತ್ತೆ ಯಾಕೆ ಬೇಡ ಅಂದೆ?"

ಏನಾದರೂ ದೊಡ್ಡ ಕಾರಣ ಸಿಕ್ಕೀತೇ ಎಂದು ರೂಬೆನ್ ತನ್ನೊಳಗೆ ಹುಡುಕಿದ. ಅಜ್ಜನ ಕೋವಿ, ಮನೆತನದ ಮಾನ, ಬಿಡಾರದ ಪದ್ಧತಿ. ಯಾವುದನ್ನು ಎತ್ತಿಕೊಂಡರೂ ಕೈಯಲ್ಲೇ ಪುಡಿಯಾಯಿತು.

"ಆರ್ನಿ ನಗ್ತಾನೆ ಅಂತ," ಎಂದ.

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ಐಲಿ ಟೋಪಿ ತೆಗೆದು ಬೆಂಚಿನ ಮೇಲೆ ಎಸೆದಳು. ಜಾಕೀಟನ್ನು ಬಿಚ್ಚಿ ಗೂಟಕ್ಕೆ ಸಿಕ್ಕಿಸಲಿಲ್ಲ, ನೆಲಕ್ಕೆ ಬಿಟ್ಟಳು. ಅಳಲಿಲ್ಲ, ಅತ್ತಿದ್ದರೆ ಹತ್ತಿರ ಹೋಗಲು ರೂಬೆನ್‌ಗೊಂದು ದಾರಿಯಾಗುತ್ತಿತ್ತು. ಅವಳು ಒಲೆಯ ಪಕ್ಕ ಅಪ್ಪನಿಗೆ ಬೆನ್ನು ಮಾಡಿ ಕುಳಿತು ಬೂಟಿನ ಗಂಟುಗಳನ್ನು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. "ನಾನು ಬಿಚ್ಲಾ?" ಎಂದು ಕೇಳಿದ. "ಬೇಡ," ಎಂದಳು.

ಬೆಳಕು ಬಂತು. ಜೌಗಿನಾಚೆ ಮೊದಲ ಈಡು ಕೇಳಿಸಿತು. ರೂಬೆನ್‌ನ ಕೈಯಲ್ಲಿದ್ದ ಲೋಟದಿಂದ ಕಾಫಿ ತುಳುಕಿತು. ಎರಡನೆಯದು ಇನ್ನೂ ಹತ್ತಿರದಿಂದ ಬಂತು, ಲೆಂಪಿಯ ಕಡೆಯಿಂದ ಇರಬೇಕು, ಮತ್ತೆ ತುಳುಕಿತು. ತಲೆಯೆತ್ತಿದಾಗ ಮಗಳು ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಲೋಟ ಇಟ್ಟು ಎದ್ದ. ತನ್ನ ಕೋವಿಯ ಬಾಯಿ ತೆರೆದು, ಖಾಲಿಯಿದೆ ಎಂದು ಎರಡು ಸಲ ಬೆರಳಿಟ್ಟು ನೋಡಿಕೊಂಡು, ನೆಲದ ಮೇಲೆ ಬೋರಲು ಮಲಗಿದ. ಪಕ್ಕದಲ್ಲಿಟ್ಟುಕೊಂಡಿದ್ದ ಸಕ್ಕರೆಯ ಡಬ್ಬಿಯಿಂದ ಒಂದು ತುಂಡು ತೆಗೆದು, ಕೈ ಚಾಚಿ ನಳಿಗೆಯ ತುದಿಯ ಮೇಲೆ ಇಟ್ಟ. ಮೈ ಬೆಚ್ಚದೆ ಕುದುರೆ ಎಳೆದರೆ ಅದು ಬೀಳಬಾರದು. ಎದುರು ಗೋಡೆಯ ಹಲಗೆಯಲ್ಲಿದ್ದ ಮರದ ಗಂಟಿಗೆ ಗುರಿ ಹಿಡಿದು ಕುದುರೆ ಎಳೆದ. ಟಕ್. ಸಕ್ಕರೆ ನೆಲಕ್ಕೆ ಬಿತ್ತು.

ಅವನು ತೆವಳಿಕೊಂಡು ಹೋಗಿ ಅದನ್ನು ಎತ್ತಿಟ್ಟ. ಮತ್ತೆ ಟಕ್. ಮತ್ತೆ ಬಿತ್ತು. ಒಳಗೆ ಏನೂ ಇಲ್ಲ, ಒದೆಯುವುದಿಲ್ಲ, ಈಡಿನ ಸದ್ದೂ ಆಗುವುದಿಲ್ಲ ಎಂದು ತಿಳಿದಿದ್ದರೂ ಮೈ ಕೇಳುತ್ತಿರಲಿಲ್ಲ. ಸಕ್ಕರೆಯ ಮೂಲೆಗಳು ಒಡೆದು ನೆಲದ ತುಂಬ ಬಿಳಿ ಪುಡಿಯಾಯಿತು. ಬೆವರು ಕಣ್ಣಿಗಿಳಿಯಿತು. ಇಷ್ಟು ವಯಸ್ಸಾದ ಗಂಡಸು ಹನ್ನೆರಡು ವರ್ಷದ ಮಗಳ ಎದುರು ನೆಲದ ಮೇಲೆ ಹೀಗೆ ಮಲಗಿರುವುದನ್ನು ಕಿಟಕಿಯಿಂದ ಯಾರಾದರೂ ನೋಡಿಯಾರು ಎಂಬ ಯೋಚನೆ ಬಂತು. ಅದು ಬಂದದ್ದಕ್ಕೇ ಅವನಿಗೆ ನಾಚಿಕೆಯಾಯಿತು.

ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರಿಯ ಕಾಲುಚೀಲ. ಐಲಿ ಬಂದು ಅವನ ಮುಖದ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಇನ್ನೂ ಸಿಟ್ಟಿನಲ್ಲೇ ಇದ್ದಳು.

ಟಕ್.

"ಕಣ್ಣು ಮುಚ್ಚಿದೆ," ಎಂದಳು.

"ಹೂಂ."

ಡಬ್ಬಿಯಿಂದ ಹೊಸದೊಂದು ತುಂಡು ತೆಗೆದು, ನಳಿಗೆಯ ತುದಿಯ ಮೇಲೆ ತಾನೇ ಇಟ್ಟು, ಅಲುಗದಂತೆ ಮೆಲ್ಲಗೆ ಬೆರಳು ಹಿಂತೆಗೆದಳು.

"ಇನ್ನೊಂದ್ಸಲ."
​